ಕೊಂಡ ಮನೆಯ ಮೇಲೆ ಬೇರೆಯವರ ಹಕ್ಕು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಇದು ನಮಗೆಲ್ಲ ಹೆಮ್ಮೆಯ ದಿನ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಹಳ್ಳಿಯ ರೈತ ಸಾಲಗಾರನ ಕೈಗೆ ಸಿಕ್ಕಿ ಮನೆಮಠ ಕಳೆದುಕೊಳ್ಳಬಾರದು ಅನ್ನುವುದೇ ಅದರ ಹಿಂದಿನ ಆಸೆ. ಇವತ್ತು ನಾನು ಮಾತಾಡುವ ವಿಷಯವೂ ಮನೆ ಕಳೆದುಕೊಳ್ಳದೆ ಇರುವುದು ಹೇಗೆ ಅನ್ನುವುದೇ. ಆದರೆ ಇಲ್ಲಿ ಸಾಲ ಮಾಡಿದವನ ಮಾತಲ್ಲ, ದುಡ್ಡು ಕೊಟ್ಟು ಮನೆ ಕೊಂಡವನ ಮಾತು.

ನಾನು ವಕೀಲನಲ್ಲ. ಎಸ್‌.ಎಸ್‌.ಎಲ್‌.ಸಿ. ಓದಿ ನೇಗಿಲು ಹಿಡಿದವನು. ಸಂಘದಲ್ಲಿ ಸಾಲದ ಅರ್ಜಿಗಳ ಜೊತೆ ಬರುವ ಪತ್ರಗಳನ್ನು ನೋಡಿ ನೋಡಿ, ತಾಲ್ಲೂಕು ಕಚೇರಿ, ನೋಂದಣಿ ಕಚೇರಿ ಅಂತ ಓಡಾಡಿ, ವಕೀಲರ ಹತ್ತಿರ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಈಚೆಗೆ ನಮ್ಮ ಸದಸ್ಯರಲ್ಲಿ ಬಹಳ ಜನ ಮಕ್ಕಳ ಓದಿಗೆ ಅಂತ ತಾಲ್ಲೂಕು ಕೇಂದ್ರದಲ್ಲಿ ಮನೆ ಕೊಳ್ಳುತ್ತಿದ್ದಾರೆ. ತೆಂಗು ಮಾರಿದ್ದು, ಹಸು ಮಾರಿದ್ದು, ಹೆಂಡತಿಯ ಒಡವೆ ಅಡವಿಟ್ಟದ್ದು ಎಲ್ಲ ಒಂದೇ ದಿನ ಒಂದೇ ಕಾಗದಕ್ಕೆ ಹೋಗಿ ಬೀಳುತ್ತದೆ. ಆ ಕಾಗದ ಗಟ್ಟಿಯೋ ಟೊಳ್ಳೋ ನೋಡಬೇಕಲ್ಲವೇ?

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಮನೆ ಕೊಳ್ಳುವುದು ಅಂದರೆ ಗೋಡೆ, ಹೆಂಚು, ಬಾಗಿಲು ಕೊಳ್ಳುವುದಷ್ಟೇ ಅಲ್ಲ. ಮಾರುವವನಿಗೆ ಆ ಮನೆಯಲ್ಲಿ ಎಷ್ಟು ಹಕ್ಕು ಇದೆಯೋ ಅಷ್ಟನ್ನೇ ನಾವು ಕೊಳ್ಳುವುದು. ಅವನ ಹತ್ತಿರ ಹನ್ನೆರಡಾಣೆ ಹಕ್ಕು ಇದ್ದರೆ, ನಾವು ಹದಿನಾರಾಣೆ ದುಡ್ಡು ಕೊಟ್ಟರೂ ನಮಗೆ ಬರುವುದು ಹನ್ನೆರಡಾಣೆಯೇ. ಉಳಿದ ನಾಲ್ಕಾಣೆ ಯಾರ ಹತ್ತಿರ ಇದೆ ಅನ್ನುವುದೇ ಪ್ರಶ್ನೆ. ಕೊಂಡವನೂ ಅಲ್ಲದ, ಮಾರಿದವನೂ ಅಲ್ಲದ ಈ ಮೂರನೆಯವನ ಹಕ್ಕು ನೋಂದಣಿ ಕಚೇರಿಯ ಪುಸ್ತಕದಲ್ಲಿ ದಾಖಲಾಗಿದ್ದರೆ, 'ನನಗೆ ಗೊತ್ತಿರಲಿಲ್ಲ' ಅನ್ನುವ ಮಾತು ನಡೆಯುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಂ ಪ್ರಕಾರ, ನೋಂದಣಿ ಆಗಲೇಬೇಕಾದ ಪತ್ರ ನೋಂದಣಿಯಾಗಿದ್ದರೆ, ಆಮೇಲೆ ಆ ಸ್ವತ್ತನ್ನು ಕೊಳ್ಳುವವನಿಗೆ ಅದರ ತಿಳುವಳಿಕೆ ಇತ್ತು ಅಂತಲೇ ಲೆಕ್ಕ. ನೀವು ಓದಿದ್ದೀರೋ ಇಲ್ಲವೋ, ಕಾನೂನು ಕೇಳುವುದಿಲ್ಲ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಮನೆಯಲ್ಲಿ ಯಾರಾದರೂ ನಿಜವಾಗಿ ವಾಸ ಮಾಡಿಕೊಂಡಿದ್ದರೆ, ಅವರಿಗೆ ಏನಾದರೂ ಹಕ್ಕಿದ್ದರೆ, ಅದೂ ಕೊಳ್ಳುವವನಿಗೆ ಗೊತ್ತಿತ್ತು ಅಂತಲೇ ಲೆಕ್ಕ. ಅಂದರೆ ಕಾಗದ ನೋಡಿದರೆ ಸಾಲದು, ಮನೆಯೊಳಗೆ ಯಾರಿದ್ದಾರೆ, ಯಾಕಿದ್ದಾರೆ ಅಂತ ಕೇಳಬೇಕು.

ಇದಕ್ಕೆ ನಮ್ಮ ಬಂಧುಗಳಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಹೆಸರು, ಊರು ಬೇಡ. ನನ್ನ ಸೋದರಮಾವನ ಮಗ ತಾಲ್ಲೂಕು ಕೇಂದ್ರದಲ್ಲಿ ಒಂದು ಹಳೆಯ ಹೆಂಚಿನ ಮನೆ ಕೊಂಡ. ಮಧ್ಯವರ್ತಿ ಋಣಭಾರ ಪತ್ರ ತಂದು ತೋರಿಸಿದ್ದ. ಅದರಲ್ಲಿ ಅಡಮಾನ ಇರಲಿಲ್ಲ, ಸಾಲ ಇರಲಿಲ್ಲ. ಒಂದು ದಾನಪತ್ರ ಮಾತ್ರ ಇತ್ತು, ತಾಯಿ ಮಗನಿಗೆ ಬರೆದುಕೊಟ್ಟದ್ದು. ಮಾರುವವನೇ ಆ ಮಗ. ಸರಿಯಾಗಿಯೇ ಇದೆ ಅಂತ ದುಡ್ಡು ಕೊಟ್ಟು ಶುದ್ಧ ಕ್ರಯಪತ್ರ ಮಾಡಿಸಿಕೊಂಡರು. ಹಿತ್ತಲ ಕಡೆಯ ಕೋಣೆಯಲ್ಲಿ ಒಬ್ಬ ಅಜ್ಜಿ ಇದ್ದರು. 'ನಮ್ಮ ತಾಯಿ, ಮುಂದಿನ ತಿಂಗಳು ನನ್ನ ಜೊತೆ ಬೆಂಗಳೂರಿಗೆ ಬರ್ತಾರೆ' ಅಂತ ಮಾರಿದವನು ಹೇಳಿದ್ದ. ಗೃಹಪ್ರವೇಶಕ್ಕೆ ಸುಣ್ಣ ಬಳಿಸಲು ಹೋದಾಗ ಆ ತಾಯಿ, 'ನಾನು ಎಲ್ಲಿಗೂ ಹೋಗೋಳಲ್ಲಪ್ಪ, ಪತ್ರದಲ್ಲಿ ಬರೆಸಿಕೊಂಡೇ ಕೊಟ್ಟಿದ್ದೀನಿ' ಅಂದರು.

ನೋಂದಣಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲು ತೆಗೆಸಿ ಓದಿದಾಗ ಮೂರನೆಯ ಪುಟದಲ್ಲಿ ಆ ಷರತ್ತು ಇತ್ತು. ದಾನ ಕೊಟ್ಟ ತಾಯಿ ತಮ್ಮ ಜೀವಮಾನ ಇರುವ ತನಕ ಉತ್ತರ ದಿಕ್ಕಿನ ಕೋಣೆಯಲ್ಲಿ ವಾಸ ಮಾಡುವ, ಬಚ್ಚಲು ಮತ್ತು ಬಾವಿ ಬಳಸುವ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ಹೀಗೆ ಅನುಭವದ ಹಕ್ಕು ಉಳಿಸಿಕೊಂಡು ಕೊಟ್ಟ ದಾನಪತ್ರವೂ ಊರ್ಜಿತವೇ ಅಂತ 2014ರಲ್ಲಿ ರೇಣಿಕುಂಟ್ಲ ರಾಜಮ್ಮ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ ಅಂತ ವಕೀಲರು ತಿಳಿಸಿದರು. ಅಂದರೆ ಮಗನಿಗೆ ಬಂದದ್ದು ಆ ಹಕ್ಕಿಗೆ ಒಳಪಟ್ಟ ಮನೆ. ಅವನು ಮಾರಬಹುದಾದದ್ದೂ ಅದೇ.

ಇಲ್ಲಿ ಎರಡು ಪಾಠ ಇದೆ. ಒಂದು, ಋಣಭಾರ ಪತ್ರ ಬರೀ ಪಟ್ಟಿ ಇದ್ದ ಹಾಗೆ. ಇಂಥ ತಾರೀಖು, ಇಂಥವರಿಂದ ಇಂಥವರಿಗೆ, ದಾನಪತ್ರ ಅಂತ ಒಂದು ಸಾಲು ಇರುತ್ತದೆ. ಒಳಗಿನ ಷರತ್ತು ಅದರಲ್ಲಿ ಬರುವುದಿಲ್ಲ. ಪಟ್ಟಿಯಲ್ಲಿರುವ ಒಂದೊಂದು ಪತ್ರದ ನಕಲನ್ನೂ ತೆಗೆಸಿ ಮೊದಲಿನಿಂದ ಕೊನೆಯ ತನಕ ಓದಿಸಬೇಕು. ಎರಡು, ಮನೆಯಲ್ಲಿರುವ ವಯಸ್ಸಾದವರನ್ನು, ಹೆಣ್ಣುಮಕ್ಕಳನ್ನು, ಬಾಡಿಗೆಯವರನ್ನು ನೇರವಾಗಿ ಮಾತಾಡಿಸಬೇಕು. ಮಾರುವವನ ಬಾಯಿಂದ ಕೇಳಿದ್ದು ಸಾಲದು.

ಆಗ ಕೆಲವರು ಕೊಟ್ಟ ಸಲಹೆ ಏನು ಗೊತ್ತೇ? 'ನಲ್ಲಿ ನೀರು ನಿಲ್ಲಿಸಿ, ಕರೆಂಟು ತೆಗೆಸಿ, ತಾನೇ ಹೋಗ್ತಾಳೆ' ಅಂತ. ಇಂಥ ಮಾತು ಆಡುವವರು ಎಲ್ಲಾ ಊರಲ್ಲೂ ಇರುತ್ತಾರೆ. ಆದರೆ ಸ್ವಾಮಿ, ದುಡ್ಡು ಕೊಟ್ಟವನಿಗೆ ಮೋಸ ಆಗಿದ್ದರೆ ಆ ಮೋಸ ಮಾಡಿದ್ದು ಮಗ, ತಾಯಿಯಲ್ಲ. ಆಕೆ ತನ್ನ ಮನೆ ಬರೆದುಕೊಡುವಾಗ ಒಂದು ಕೋಣೆ ಉಳಿಸಿಕೊಂಡದ್ದು ಇಂಥ ದಿನ ಬಂದೀತು ಅಂತಲೇ. ಬೆಳ್ಳಗೆ ಕಾಣುವ ಪತ್ರಕ್ಕೆ ಬೆವರಿನ ದುಡ್ಡು ಕೊಟ್ಟವನ ಸಂಕಟವೂ ದೊಡ್ಡದು, ಇಲ್ಲ ಅನ್ನೋಲ್ಲ. ಹಾಗಂತ ಒಬ್ಬರ ಸಂಕಟಕ್ಕೆ ಇನ್ನೊಬ್ಬರನ್ನು ಬೀದಿಗೆ ಹಾಕುವುದು ಕಾನೂನೂ ಅಲ್ಲ, ಧರ್ಮವೂ ಅಲ್ಲ. ಅದರ ಮೇಲೆ 2007ರ ಹಿರಿಯ ನಾಗರಿಕರ ಕಾಯ್ದೆ ಬೇರೆ ಇದೆ. ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಆ ಕಾಯ್ದೆ ಬಂದ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದೆ ಹೋದರೆ, ಹಿರಿಯರು ಉಪವಿಭಾಗಾಧಿಕಾರಿಗಳ ಮುಂದಿರುವ ನ್ಯಾಯಮಂಡಳಿಗೆ ಹೋಗಿ ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು. ಸ್ವತ್ತಿನಿಂದ ಜೀವನಾಂಶ ಪಡೆಯುವ ಹಕ್ಕಿದ್ದರೆ, ಅದು ಗೊತ್ತಿದ್ದೂ ಕೊಂಡವನ ಮೇಲೂ ಆ ಹಕ್ಕು ನಡೆಯುತ್ತದೆ.

ವಕೀಲರು ಮೂರು ದಾರಿ ತೋರಿಸಿದರು. ಮಾರಿದವನ ಮೇಲೆ ದಾವೆ ಹಾಕಿ, ಕ್ರಯ ಬಿಟ್ಟುಕೊಟ್ಟು ದುಡ್ಡು ಮತ್ತು ನಷ್ಟ ಕೇಳುವುದು ಒಂದು. ಆ ತಾಯಿಗೆ ಒಪ್ಪಿಗೆಯಾಗುವ ಮೊತ್ತ ಕೊಟ್ಟು, ಅವರ ಸ್ವಂತ ಇಚ್ಛೆಯಿಂದ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಳ್ಳುವುದು ಎರಡು. ಹಕ್ಕನ್ನು ಇದ್ದ ಹಾಗೇ ಒಪ್ಪಿಕೊಂಡು, ಅಷ್ಟರ ಮಟ್ಟಿಗೆ ಮಾರಿದವನಿಂದ ಬೆಲೆ ವಾಪಸು ಪಡೆಯುವುದು ಮೂರು. ತಾಯಿ ದುಡ್ಡು ಬೇಡ ಅಂದರು. ಹಿರಿಯರು ಕೂತು ಮಾತಾಡಿ ಮೂರನೆಯ ದಾರಿಗೆ ಬಂದರು. ಕ್ರಯಪತ್ರದಲ್ಲಿ 'ಯಾವ ಋಣಭಾರವೂ ಇಲ್ಲ, ಇದ್ದರೆ ನಾನೇ ಹೊಣೆ' ಅಂತ ಮಾರಿದವನು ಬರೆದುಕೊಟ್ಟಿದ್ದ ಒಂದು ಸಾಲೇ ಅಲ್ಲಿ ಕೆಲಸಕ್ಕೆ ಬಂತು. ಅವನು ಬೆಲೆಯಲ್ಲಿ ಒಂದು ಭಾಗ ಹಿಂದಿರುಗಿಸಿದ. ಕೋಣೆ, ಬಚ್ಚಲು, ಓಡಾಡುವ ದಾರಿ ಯಾವುದು ಅಂತ ನಕ್ಷೆ ಸಮೇತ ಒಂದು ಪತ್ರ ಬರೆದು ಮೂವರೂ ಸಹಿ ಹಾಕಿ ನೋಂದಣಿ ಮಾಡಿಸಿದರು. ಮುಂದಿನ ಭಾಗದಲ್ಲಿ ಇವರ ಮಕ್ಕಳು ಓದುತ್ತಾರೆ, ಹಿಂದಿನ ಕೋಣೆಯಲ್ಲಿ ಆ ತಾಯಿ ಇದ್ದಾರೆ. ಜಗಳ ಇಲ್ಲ.

ಎಲ್ಲಾ ಪ್ರಕರಣವೂ ಹೀಗೆ ಮುಗಿಯುವುದಿಲ್ಲ. ಆದ್ದರಿಂದ ಯಾವ ಯಾವ ತರಹದ ಹಕ್ಕುಗಳು ಬರುತ್ತವೆ, ಬಂದರೆ ಏನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಅಡಮಾನ. ಇದೇ ಹೆಚ್ಚು. ಮಾರುವವನು ಮನೆಯ ಮೇಲೆ ಬ್ಯಾಂಕಿನಲ್ಲೋ ಸಂಘದಲ್ಲೋ ಸಾಲ ತೆಗೆದಿರುತ್ತಾನೆ. ಮನೆ ಮಾರಿದರೂ ಅಡಮಾನ ಮನೆಯ ಜೊತೆಯಲ್ಲೇ ಬರುತ್ತದೆ, ದನದ ಜೊತೆ ಕರು ಬಂದ ಹಾಗೆ. ಕ್ರಯಕ್ಕೆ ಮುಂಚೆ ಗೊತ್ತಾದರೆ ಹೆದರಬೇಕಾಗಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ, ಋಣಭಾರ ಇಲ್ಲದ ಸ್ವತ್ತು ಅಂತ ಮಾರಿದ್ದರೆ ಬಾಕಿಯಷ್ಟು ಹಣವನ್ನು ಬೆಲೆಯಲ್ಲಿ ಹಿಡಿದುಕೊಂಡು ಹಕ್ಕುಳ್ಳವರಿಗೇ ಕಟ್ಟುವ ಅವಕಾಶ ಕೊಳ್ಳುವವನಿಗೆ ಇದೆ. ಹಾಗಾಗಿ ಬ್ಯಾಂಕಿನಿಂದ ಬಾಕಿ ಎಷ್ಟು ಅಂತ ಬರಹದಲ್ಲಿ ಪಡೆಯಿರಿ. ಆ ಮೊತ್ತವನ್ನು ಮಾರುವವನ ಕೈಗೆ ಕೊಡಬೇಡಿ, ಸಾಲದ ಖಾತೆಯ ಹೆಸರಿಗೇ ಡಿ.ಡಿ. ತೆಗೆಯಿರಿ. ಮೂಲಪತ್ರ ಮತ್ತು ಬೇಬಾಕಿ ಪತ್ರ ಕೈಗೆ ಬಂದ ಮೇಲೆ ಉಳಿದ ಹಣ.

ಕ್ರಯ ಆದ ಮೇಲೆ ಅಡಮಾನ ಹೊರಬಿದ್ದರೆ? ಆಗಲೂ ಕೈಕಟ್ಟಿ ಕೂರಬೇಕಾಗಿಲ್ಲ. ಸ್ವತ್ತಿನಲ್ಲಿ ಹಿತಾಸಕ್ತಿ ಇರುವ ಯಾರು ಬೇಕಾದರೂ ಅಡಮಾನ ಬಿಡಿಸಿಕೊಳ್ಳಬಹುದು ಅಂತ ಅದೇ ಕಾಯ್ದೆಯ 91ನೇ ಕಲಂ ಹೇಳುತ್ತದೆ. ಕೊಂಡವನಿಗೂ ಆ ಹಕ್ಕಿದೆ. ಸಾಲ ಕೊಟ್ಟವನು ಹಣ ತೆಗೆದುಕೊಳ್ಳದೆ ಸತಾಯಿಸಿದರೆ, 83ನೇ ಕಲಂ ಪ್ರಕಾರ ನ್ಯಾಯಾಲಯದಲ್ಲಿ ಹಣ ಠೇವಣಿ ಇಡಬಹುದು. ಹೀಗೆ ಕಟ್ಟಿದ್ದನ್ನು ಆಮೇಲೆ ಮಾರಿದವನಿಂದ ವಸೂಲಿ ಮಾಡಬಹುದು. ಇನ್ನೊಂದು ಉಪಾಯ ನಮ್ಮ ಹಳ್ಳಿಯ ಕಡೆ ಬಹಳ ಉಪಯೋಗಕ್ಕೆ ಬರುತ್ತದೆ. ಒಬ್ಬ ರೈತ ಮನೆ ಮತ್ತು ತೋಟ ಎರಡನ್ನೂ ಒಂದೇ ಸಾಲಕ್ಕೆ ಅಡಮಾನ ಮಾಡಿ, ಮನೆ ಮಾತ್ರ ನಿಮಗೆ ಮಾರಿದ ಅನ್ನಿ. ಸಾಲ ಕೊಟ್ಟವನಿಗೆ ನಷ್ಟ ಆಗದ ಮಟ್ಟಿಗೆ, 'ಮೊದಲು ತೋಟದಿಂದ ವಸೂಲು ಮಾಡಿಕೊಳ್ಳಿ, ಸಾಲದೆ ಬಂದರೆ ಮನೆಗೆ ಬನ್ನಿ' ಅಂತ ಕೇಳುವ ಹಕ್ಕು ನಿಮಗೆ 56ನೇ ಕಲಮಿನಲ್ಲಿದೆ, ನಿಮ್ಮ ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ.

ಸಾಲ ತೀರಿದೆ, ಆದರೆ ಕಾಗದದಲ್ಲಿ ತೀರಿಲ್ಲ ಅನ್ನುವ ಪ್ರಕರಣ ಇನ್ನೂ ಹೆಚ್ಚು. ತಂದೆ ಕಟ್ಟಿದ ಸಾಲ, ಹಣ ಸಂದಾಯವಾಗಿ ವರ್ಷಗಳಾಗಿವೆ, ಆದರೆ ಋಣಭಾರ ಪತ್ರದಲ್ಲಿ ಅಡಮಾನ ಹಾಗೇ ನಿಂತಿರುತ್ತದೆ. ಪಹಣಿಯ 11ನೇ ಕಾಲಮಿನಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ. ರಸೀದಿ ಇದೆ ಅಂತ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಸಾಲದು. ಸಾಲ ಕೊಟ್ಟವರಿಂದ ಅಡಮಾನ ಬಿಡುಗಡೆ ಪತ್ರ ಬರೆಸಿ ನೋಂದಣಿ ಮಾಡಿಸಬೇಕು, ಪಹಣಿಯಲ್ಲಿ ಇದ್ದರೆ ಅಲ್ಲಿಯೂ ತೆಗೆಸಬೇಕು. ಭಾರತೀಯ ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಒಂದು ಒಳ್ಳೆಯ ಆದೇಶ ಮಾಡಿತು. ಸಾಲ ಪೂರ್ತಿ ತೀರಿದ 30 ದಿವಸದೊಳಗೆ ಮೂಲಪತ್ರ ವಾಪಸು ಕೊಟ್ಟು, ನೋಂದಣಿಯಾದ ಋಣಭಾರ ತೆಗೆಸಿಕೊಡಬೇಕು. ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಈ ಆದೇಶ ವಾಣಿಜ್ಯ ಬ್ಯಾಂಕುಗಳಿಗಷ್ಟೇ ಅಲ್ಲ, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೂ ಅನ್ವಯ. ಇದನ್ನು ತಿಳಿದು ಕೇಳಿದರೆ ಕೆಲಸ ಬೇಗ ಆಗುತ್ತದೆ.

ಎರಡನೆಯದು ಹಿಂದಿನ ಕ್ರಯದ ಕರಾರು. ನಾವು ಅಗ್ರಿಮೆಂಟು ಅನ್ನುತ್ತೇವಲ್ಲ, ಅದು. ಮಾರುವವನು ನಿಮಗಿಂತ ಮುಂಚೆ ಇನ್ನೊಬ್ಬರ ಹತ್ತಿರ ಮುಂಗಡ ತೆಗೆದುಕೊಂಡು ಕರಾರು ನೋಂದಣಿ ಮಾಡಿಕೊಟ್ಟಿರುತ್ತಾನೆ. ಕರಾರಿನಿಂದಲೇ ಮಾಲೀಕತ್ವ ಹೋಗುವುದಿಲ್ಲ, ನಿಜ. ಆದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೇ ಕಲಂ ಪ್ರಕಾರ, ಕರಾರು ಇರುವುದು ಗೊತ್ತಿದ್ದೂ ಕೊಂಡವನ ಮೇಲೂ ಕ್ರಯ ಮಾಡಿಕೊಡು ಅಂತ ದಾವೆ ನಡೆಯುತ್ತದೆ. ಕರಾರು ನೋಂದಣಿಯಾಗಿದ್ದರೆ 'ಗೊತ್ತಿರಲಿಲ್ಲ' ಅನ್ನುವುದು ಸುಲಭವಲ್ಲ. 'ಮೂರು ವರ್ಷ ಆಗಿ ಹೋಗಿದೆ, ಅದು ಸತ್ತ ಕಾಗದ' ಅಂತ ಮಧ್ಯವರ್ತಿಗಳು ಹೇಳುತ್ತಾರೆ. ದಾವೆಗೆ ಮೂರು ವರ್ಷದ ಕಾಲಮಿತಿ ಇರುವುದು ಹೌದು. ಆದರೆ ಆ ಮೂರು ವರ್ಷ ಎಣಿಸುವುದು ಕರಾರಿನಲ್ಲಿ ಬರೆದ ಗಡುವಿನ ದಿನದಿಂದ. ಗಡುವು ಬರೆದಿಲ್ಲದಿದ್ದರೆ, ಮಾರುವವನು ಮಾಡಿಕೊಡುವುದಿಲ್ಲ ಅಂದದ್ದು ಕೊಳ್ಳುವವನಿಗೆ ತಿಳಿದ ದಿನದಿಂದ. ಇದನ್ನು ನಾವು ನೀವು ಲೆಕ್ಕ ಹಾಕುವುದು ಬೇಡ. ಮುಂಚಿನ ಕರಾರುದಾರನನ್ನು ಹುಡುಕಿ, ಅವನ ಮುಂಗಡ ಅವನಿಗೆ ಸೇರಿಸಿ, ಇಬ್ಬರೂ ಸಹಿ ಮಾಡಿದ ರದ್ದತಿ ಪತ್ರ ನೋಂದಣಿ ಮಾಡಿಸುವುದೇ ನೇರ ದಾರಿ. ಮಾರುವವನೊಬ್ಬನೇ ಸಹಿ ಮಾಡಿದ ರದ್ದತಿ ಪತ್ರ ನಂಬಬೇಡಿ.

ಮೂರನೆಯದು ಬಾಡಿಗೆ, ಭೋಗ್ಯ. ವರ್ಷ ವರ್ಷದ ಗೇಣಿ ಅಥವಾ ಒಂದು ವರ್ಷಕ್ಕೆ ಮೀರಿದ ಅವಧಿಯ ಗೇಣಿ ಪತ್ರ ನೋಂದಣಿ ಆಗಬೇಕು. ಹಾಗೆ ಆಗಿದ್ದರೆ, ಮನೆ ಕೊಂಡವನು ಹಳೆಯ ಮಾಲೀಕನ ಜಾಗದಲ್ಲಿ ನಿಂತ ಹಾಗೆ. ಅವಧಿ ಮುಗಿಯುವ ತನಕ ಬಾಡಿಗೆದಾರನನ್ನು ಎಬ್ಬಿಸಲಾಗದು. ಬಾಡಿಗೆ ನಿಮಗೆ ಬರುತ್ತದೆ ಅನ್ನುವುದು ಸಮಾಧಾನ. ಜಗಳ ಬರುವುದು ಮುಂಗಡದ ಹಣಕ್ಕೆ. ಭೋಗ್ಯದ ಲಕ್ಷಗಟ್ಟಲೆ ಹಣ ಹಳೆಯ ಮಾಲೀಕ ಖರ್ಚು ಮಾಡಿಕೊಂಡಿರುತ್ತಾನೆ, ಬಿಡುವಾಗ ಕೊಡಿ ಅಂತ ನಿಮ್ಮನ್ನು ಕೇಳುತ್ತಾರೆ. ಕ್ರಯದ ದಿನವೇ ಬಾಡಿಗೆದಾರನನ್ನೂ ಕೂರಿಸಿಕೊಂಡು ಎಷ್ಟು ಮುಂಗಡ ಇದೆ ಅಂತ ಬರೆಸಿ, ಅಷ್ಟನ್ನು ಬೆಲೆಯಲ್ಲಿ ಹಿಡಿದುಕೊಳ್ಳಿ.

ನಾಲ್ಕನೆಯದು ದಾರಿ, ನೀರು, ಮೋರಿ, ಗೋಡೆಯ ಹಕ್ಕು. ವಿಭಾಗ ಪತ್ರಗಳಲ್ಲಿ 'ಪೂರ್ವದ ಓಣಿಯಲ್ಲಿ ಅಣ್ಣನ ಪಾಲಿನವರು ಗಾಡಿ ಹೊಡೆದುಕೊಂಡು ಹೋಗತಕ್ಕದ್ದು', 'ಬಾವಿ ಇಬ್ಬರಿಗೂ ಸಮ' ಅಂತ ಬರೆದಿರುತ್ತಾರೆ. ಆ ಅಣ್ಣತಮ್ಮಂದಿರು ತೀರಿಕೊಂಡು ಮೊಮ್ಮಕ್ಕಳ ಕಾಲ ಬಂದಿರಬಹುದು, ಹಕ್ಕು ತೀರಿಲ್ಲ. ಬರಹ ಇಲ್ಲದೆಯೂ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕು ಅಂತಲೇ ನಡೆದಾಡಿದ ದಾರಿಗೆ ಹಕ್ಕು ಹುಟ್ಟುತ್ತದೆ. ಇಂಥ ಕಡೆ ಹೊಸಬರು ಬಂದ ತಕ್ಷಣ ಕಾಂಪೌಂಡು ಹಾಕಲು ಹೋಗಿ ಹತ್ತು ವರ್ಷ ಕೋರ್ಟು ಅಲೆದದ್ದನ್ನು ನಾವೆಲ್ಲ ನೋಡಿದ್ದೇವೆ. ದಾರಿ ನಡುಮನೆಯ ಮುಂದೆಯೇ ಹಾದುಹೋಗಿ ತೊಂದರೆ ಇದ್ದರೆ, ಪಕ್ಕದವರ ಜೊತೆ ಮಾತಾಡಿ, ಅಷ್ಟೇ ಅಗಲದ ಬೇರೆ ದಾರಿ ನಿಮ್ಮ ಖರ್ಚಿನಲ್ಲಿ ಮಾಡಿಕೊಟ್ಟು, ಅದನ್ನು ನೋಂದಣಿ ಪತ್ರದಲ್ಲಿ ಬರೆಸಿ. ಹತ್ತಡಿ ನೆಲ ಹೋದರೂ ನೆಮ್ಮದಿ ಉಳಿಯುತ್ತದೆ.

ಐದನೆಯದು ಕೋರ್ಟಿನದು. ಸ್ವತ್ತಿನ ಹಕ್ಕಿನ ಬಗ್ಗೆ ಪಾಲಿನ ದಾವೆ ನಡೆಯುತ್ತಿರುವಾಗ ಕೊಂಡರೆ, ಕೊನೆಗೆ ಬರುವ ಡಿಕ್ರಿಗೆ ಕೊಂಡವನೂ ಬದ್ಧ. ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಇದು. ದಾವೆ ಇದೆ ಅನ್ನುವುದು ಋಣಭಾರ ಪತ್ರದಲ್ಲಿ ಬಂದೇ ಬರುತ್ತದೆ ಅಂತ ಇಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವನ ಹೆಸರು, ಅವನ ತಂದೆಯ ಹೆಸರು ಹಾಕಿ ಹುಡುಕಿಸಿ. ನಮ್ಮ ಮಕ್ಕಳು ಮೊಬೈಲಿನಲ್ಲೇ ನೋಡಿ ಹೇಳುತ್ತಾರೆ.

ಹೆಣ್ಣುಮಕ್ಕಳ ಪಾಲಿನ ಬಗ್ಗೆ ಒಂದೇ ಮಾತು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಅವಿಭಕ್ತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ ಆಗ ಬದುಕಿರಬೇಕಾಗಿಲ್ಲ ಅಂತಲೂ 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಅಂಥ ಮನೆ ಕೊಳ್ಳುವಾಗ ಅಕ್ಕತಂಗಿಯರ ಸಹಿ ಇಲ್ಲದೆ ಮುಂದೆ ಹೋಗಬೇಡಿ.

ಇನ್ನು ದಾಖಲೆ ನೋಡುವ ಕ್ರಮ. ಋಣಭಾರ ಪತ್ರದಲ್ಲಿ ಎರಡು ನಮೂನೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. 2004ರ ಈಚಿನದು ಕಾವೇರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಸೂಚಿ ಪುಸ್ತಕ ಹುಡುಕಿಸಬೇಕು. ಹದಿಮೂರು ವರ್ಷದ್ದು ಸಾಕು ಅಂತ ಹೇಳುವವರಿದ್ದಾರೆ. ಮೂವತ್ತು ವರ್ಷದ್ದು ತೆಗೆಸಿ. ಅಡಮಾನ ಬಿಡಿಸಿಕೊಳ್ಳುವ ದಾವೆಗೆ ಕಾಲಮಿತಿಯೇ 30 ವರ್ಷ ಇದೆ. ನೀವು ಕೊಟ್ಟ ನಂಬರಿಗೆ ಮಾತ್ರ ಹುಡುಕುತ್ತಾರೆ ಅನ್ನುವುದು ನೆನಪಿರಲಿ. ಹಳೆಯ ಮನೆ ನಂಬರು, ಹೊಸ ಖಾತೆ ನಂಬರು, ಹಿಂದೆ ಸರ್ವೆ ನಂಬರು ಇದ್ದರೆ ಅದು, ಎಲ್ಲವನ್ನೂ ಕೊಡಿ. ಚೆಕ್ಕುಬಂದಿ ತಾಳೆ ನೋಡಿ. ಸ್ಥಿರಾಸ್ತಿ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ನಕಲು ಪಡೆಯಬಹುದು ಅಂತ 1908ರ ನೋಂದಣಿ ಕಾಯ್ದೆಯ 57ನೇ ಕಲಂ ಹೇಳುತ್ತದೆ. 'ನಿಮಗೆ ಯಾಕ್ರೀ ಬೇಕು' ಅಂತ ಯಾರಾದರೂ ಕೇಳಿದರೆ ಅಂಜಬೇಕಾಗಿಲ್ಲ.

ಗ್ರಾಮ ಪಂಚಾಯ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9, ನಮೂನೆ 11 ಕೇಳುತ್ತಾರೆ. ಅವು ಬೇಕೇ ಬೇಕು. ಆದರೆ ಖಾತೆ, ಕಂದಾಯದ ರಸೀದಿ ಅಂದರೆ ತೆರಿಗೆ ಕಟ್ಟುವವನು ಯಾರು ಅಂತ ಹೇಳುವ ಕಾಗದ. ಅದು ಮೂಲಪತ್ರದ ಜಾಗ ತುಂಬುವುದಿಲ್ಲ. ಮೂಲಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದದ್ದು ನೋಂದಣಿ ಆಗದೆಯೂ ಇರಬಹುದು. ಆದ್ದರಿಂದ ಜೆರಾಕ್ಸ್ ನೋಡಿ ತೃಪ್ತಿ ಪಡಬೇಡಿ, ಅಸಲು ಪತ್ರ ಕೈಯಲ್ಲಿ ಹಿಡಿದು ನೋಡಿ. ಬ್ಯಾಂಕುಗಳು ಇಂಥ ಅಡಮಾನ ದಾಖಲಿಸುವ ಸೆರ್ಸಾಯ್ ಅನ್ನುವ ಕೇಂದ್ರ ನೋಂದಣಿ ವ್ಯವಸ್ಥೆ 2011ರಲ್ಲಿ ಶುರುವಾಗಿದೆ. ಅಲ್ಲಿಯೂ ಶುಲ್ಕ ಕಟ್ಟಿ ಹುಡುಕಬಹುದು.

ಮನೆ ಆಗಲೇ ಕೊಂಡಾಗಿದೆ, ಈಗ ಹಕ್ಕೊಂದು ಹೊರಬಿತ್ತು ಅನ್ನುವವರಿಗೆ ನನ್ನ ಮಾತು ಇಷ್ಟು. ಮೊದಲು ಬಾಯಿ ಬಿಟ್ಟು ಜಗಳ ಬೇಡ. ಆ ಹಕ್ಕಿನ ಪತ್ರದ ದೃಢೀಕೃತ ನಕಲು ತೆಗೆಸಿ. ಹಕ್ಕು ಯಾರದು, ಎಷ್ಟು ಭಾಗದ ಮೇಲೆ, ಎಷ್ಟು ಕಾಲ, ದುಡ್ಡಿನದೋ ವಾಸದ್ದೋ ಅಂತ ಗುರುತು ಮಾಡಿ. ಆಮೇಲೆ ನಿಮ್ಮ ಕ್ರಯಪತ್ರದಲ್ಲಿ ಮಾರಿದವನು ಏನು ಭರವಸೆ ಕೊಟ್ಟಿದ್ದಾನೆ ನೋಡಿ. ಅವನಿಗೆ ವಕೀಲರ ಮೂಲಕ ನೋಟೀಸು ಕೊಡಿ, ತಡ ಮಾಡಬೇಡಿ, ಯಾಕೆಂದರೆ ಪರಿಹಾರ ಕೇಳುವುದಕ್ಕೂ ಕಾಲಮಿತಿ ಇದೆ. ಬೇಕೆಂತಲೇ ಮುಚ್ಚಿಟ್ಟು ದುಡ್ಡು ಪಡೆದಿದ್ದರೆ ಅದು ವಂಚನೆಯ ಅಪರಾಧವೂ ಆಗಬಹುದು. ಹಕ್ಕುಳ್ಳವರ ಜೊತೆ ಏನೇ ಒಪ್ಪಂದವಾದರೂ ಬಿಳಿ ಹಾಳೆಯ ಮೇಲೆ ಮುಗಿಸಬೇಡಿ. ನೋಂದಣಿಯಿಂದ ಬಂದ ಹಕ್ಕು ನೋಂದಣಿಯಿಂದಲೇ ಹೋಗಬೇಕು. ಅದಾದ ಮೇಲೆ ಹೊಸದಾಗಿ ಋಣಭಾರ ಪತ್ರ ತೆಗೆಸಿ, ಬಿಡುಗಡೆ ಪತ್ರ ಅದರಲ್ಲಿ ಬಂದಿದೆಯೇ ಅಂತ ಕಣ್ಣಾರೆ ನೋಡಿ. ವಕೀಲರಿಗೆ ಕೊಡಲು ಶಕ್ತಿ ಇಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಕೊಡುತ್ತಾರೆ.

ಕೊನೆಯದಾಗಿ ನಮ್ಮ ಸಂಘದ ಬಗ್ಗೆ ಎರಡು ಮಾತು. ನಾವೂ ಒಂದು ಮೂರನೆಯ ಹಕ್ಕುದಾರರೇ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸದಸ್ಯ ತನ್ನ ಜಮೀನಿನ ಮೇಲೆ ಘೋಷಣೆ ಬರೆದುಕೊಟ್ಟು ಸಾಲ ಪಡೆದರೆ, ಆ ಸಾಲ ತೀರುವ ತನಕ ಜಮೀನನ್ನು ಪರಭಾರೆ ಮಾಡುವಂತಿಲ್ಲ. ಮನೆ ಆಧಾರ ಕೊಟ್ಟವರ ಪತ್ರಗಳೂ ನಮ್ಮ ಕಬ್ಬಿಣದ ಬೀರುವಿನಲ್ಲಿವೆ. ನಾವು ಬ್ಯಾಂಕಿನವರನ್ನು ದೂರುವ ಮುಂಚೆ ನಮ್ಮ ಬೀರು ನೋಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ಆ 30 ದಿವಸದ ಆದೇಶ ನಮ್ಮಂಥ ಪ್ರಾಥಮಿಕ ಸಂಘಗಳ ಮೇಲೆ ಹೇರಿದ್ದಲ್ಲ. ಆದರೆ ನಾವೇ ಅದನ್ನು ನಿಯಮ ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿ ಇದೆ? ಸಾಲ ತೀರಿದ ಸದಸ್ಯ ಹತ್ತು ಸಲ ಬಂದು ಕೇಳುವಂತಾಗಬಾರದು. ಬೇಬಾಕಿ ಪತ್ರ, ಮೂಲಪತ್ರ, ಬಿಡುಗಡೆ ಪತ್ರ ಮೂರನ್ನೂ ತಿಂಗಳೊಳಗೆ ನಾವೇ ಕರೆದು ಕೊಡಬೇಕು. ಹಾಗೆಯೇ ಸಂಘಕ್ಕೆ ಆಧಾರ ಕೊಟ್ಟ ಮನೆಯನ್ನು ಯಾರಾದರೂ ಕೊಳ್ಳಲು ಬಂದು ಬಾಕಿ ಎಷ್ಟು ಅಂತ ಸದಸ್ಯರ ಒಪ್ಪಿಗೆಯೊಂದಿಗೆ ಕೇಳಿದರೆ, ಬರಹದಲ್ಲಿ ತಿಳಿಸಬೇಕು. ಬೆಳ್ಳಿ ಹಬ್ಬದ ವರ್ಷದಲ್ಲಿ ಈ ಎರಡು ನಿರ್ಣಯ ಮುಂದಿನ ಆಡಳಿತ ಮಂಡಳಿ ಸಭೆಗೆ ಬರಲಿ ಅಂತ ಅಧ್ಯಕ್ಷರಲ್ಲಿ ಈ ವೇದಿಕೆಯ ಮೇಲಿಂದಲೇ ವಿನಂತಿ ಮಾಡುತ್ತೇನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಮನೆ ಕೊಳ್ಳುವ ಮುಂಚೆ ಪತ್ರ ಓದಿ ನೋಡು ಅಂತ ನಾವು ಅದಕ್ಕೆ ಸೇರಿಸಿಕೊಳ್ಳೋಣ. ನಮ್ಮ ದುಡ್ಡಿಗೂ ಮೋಸ ಆಗಬಾರದು, ನಮ್ಮಿಂದ ಇನ್ನೊಬ್ಬರ ತಲೆಯ ಮೇಲಿನ ಸೂರೂ ಹೋಗಬಾರದು. ಎಲ್ಲರೂ ಒಬ್ಬರಿಗಾಗಿ, ಒಬ್ಬರು ಎಲ್ಲರಿಗಾಗಿ ಅನ್ನುವ ಸಹಕಾರ ತತ್ವದ ಅರ್ಥವೂ ಅದೇ ಅಂತ ನಾನು ತಿಳಿದಿದ್ದೇನೆ.

 ನಿಮ್ಮಲ್ಲಿ ಯಾರಿಗಾದರೂ ಋಣಭಾರ ಪತ್ರ ಓದಿಸಬೇಕಾಗಿದ್ದರೆ ಊಟದ ನಂತರ ತನ್ನಿ, ಕಾರ್ಯದರ್ಶಿಗಳೂ ನಾನೂ ಸಂಘದ ಕಚೇರಿಯಲ್ಲೇ ಇರುತ್ತೇವೆ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.